ಹಸಿರು ನಿಲ್ಲುವ ಹೊತ್ತು

ಸೇಡು ತೀರಿಸಿಕೊಂಡೆ ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಒಂದು ಮನೆಯ ಯಜಮಾನನನ್ನು ಅವನ ಊರಿನ ಮಠದ ಅಂಗಳದಲ್ಲಿ, ಅವನೇ ಕರೆಸಿದ ಪಂಚರ ಎದುರು, ಒಂದು ಗಾಜಿನ ನಳಿಕೆ ಹಿಡಿದು ತಲೆ ತಗ್ಗಿಸುವಂತೆ ಮಾಡಿದವನು ನಾನು. ಅವನು ನನ್ನ ತಾಯಿಯ ಒಡಹುಟ್ಟಿದ ಅಣ್ಣ. ಇವತ್ತು ಎದುರು ಬಂದು ಕೂತರೂ ಅವನಿಗೆ ಮತ್ತೆ ಅದನ್ನೇ ಮಾಡುತ್ತೇನೆ. ನಾಚಿಕೆ ಇರುವುದು ಬೇರೆ ವಿಷಯಕ್ಕೆ.

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆಗಿ ಆರೇಳು ವರ್ಷ ಕಳೆದಿದ್ದವು. ಉದಗೀರ ಇನ್ನೂ ಬೀದರ ಜಿಲ್ಲೆಯಲ್ಲೇ ಇತ್ತು. ನಾವು ಮುಂದೆ ಯಾವ ರಾಜ್ಯದ ಪಾಲಿಗೆ ಹೋಗುತ್ತೇವೆ ಎಂದು ಸ್ಟೇಷನ್ನಿನ ಎದುರಿನ ಚಹಾದಂಗಡಿಯಲ್ಲಿ ಕನ್ನಡದವರೂ ಮರಾಠಿಯವರೂ ದಿನಾ ಉರ್ದುವಿನಲ್ಲಿ ಜಗಳಾಡುತ್ತಿದ್ದರು. ನಾನು ಅಲ್ಲಿಯ ದವಾಖಾನೆಯ ಪ್ರಯೋಗಶಾಲೆಯಲ್ಲಿದ್ದೆ. ಹೆಸರು ದೊಡ್ಡದು. ಇದ್ದದ್ದು ಒಂದು ಕೋಣೆ, ಒಂದು ಸೂಕ್ಷ್ಮದರ್ಶಕ, ಒಂದು ಸ್ಪಿರಿಟ್ ದೀಪ, ಮರದ ಸ್ಟ್ಯಾಂಡಿನಲ್ಲಿ ನಿಲ್ಲಿಸಿದ ಗಾಜಿನ ನಳಿಕೆಗಳು. ಕಫ ನೋಡುತ್ತಿದ್ದೆ, ರಕ್ತ ನೋಡುತ್ತಿದ್ದೆ. ಆದರೆ ದಿನದ ಮುಕ್ಕಾಲು ಪಾಲು ಕೆಲಸ ಮೂತ್ರದ್ದು. ಸಕ್ಕರೆ ಇದೆಯೇ, ಅಲ್ಬುಮಿನ್ ಎಂಬ ಬಿಳಿಯ ಅಂಶ ಇದೆಯೇ, ಕಾಯಿಸು, ಹನಿ ಹಾಕು, ಬಣ್ಣ ನೋಡು, ಬರೆ.

ನಮ್ಮಲ್ಲಿ ಅಕ್ಕನ ಮಗಳ ಮೇಲೆ ತಮ್ಮನಿಗೇ ಮೊದಲ ಹಕ್ಕು. ನನ್ನ ತಂಗಿಯನ್ನೂ ಹಾಗೆಯೇ ತಾಯಿಯ ಕಿರಿಯ ತಮ್ಮನಿಗೆ, ನಮ್ಮ ಸಣ್ಣಮಾವನಿಗೆ, ಕೊಟ್ಟಿದ್ದೆವು. ಅವರ ಊರು ನಿಲಂಗಾದಿಂದ ಒಂದು ತಾಸಿನ ಬಂಡಿ ದಾರಿ. ಮನೆಯಲ್ಲಿ ಎಲ್ಲ ನಡೆಯುವುದು ದೊಡ್ಡಮಾವನ ಮಾತಿನ ಮೇಲೆ. ಸಣ್ಣಮಾವ ಅಣ್ಣ ಹೇಳಿದರೆ ಕೂಡುವವನು, ಹೇಳಿದರೆ ಏಳುವವನು.

ಪೊಲೀಸ್ ಆಕ್ಷನ್ ಆದಾಗ ಮಿಲಿಟರಿಯವರು ನಿಲಂಗಾ ದಾರಿಯಲ್ಲಿ ಹೋಗುತ್ತ ಅವರ ಹೊಲದ ಹುಣಸೆ ಮರದ ಕೆಳಗೆ ಒಂದು ಹಗಲು ತಂಗಿದ್ದರು. ಊರಿನ ಹೆಂಗಸರೆಲ್ಲ ನೀರು ಕೊಟ್ಟರು, ರೊಟ್ಟಿ ಕೊಟ್ಟರು, ಆರತಿ ಎತ್ತಿದರು. ನನ್ನ ತಂಗಿಯೂ ಒಂದು ಕೊಡ ನೀರು ಹೊತ್ತು ಹೋಗಿದ್ದಳು. ಮರುವರ್ಷ ಆಕೆಗೆ ಹೆಣ್ಣುಮಗು ಹುಟ್ಟಿತು. ಬೆಳ್ಳಗೆ, ಒಣಹುಲ್ಲಿನ ಬಣ್ಣದ ಕೂದಲು. ಮೊದಮೊದಲು ಎಲ್ಲರೂ ಮುದ್ದಾಡಿದರು. ಮೂರು ತುಂಬಿದರೂ ಮಾತು ಬರಲಿಲ್ಲ. ನಾಲ್ಕಕ್ಕೆ ಮೂರ್ಛೆ ಬರತೊಡಗಿತು. ಆಗ ದೊಡ್ಡಮಾವನ ಬಾಯಿ ತೆರೆಯಿತು. ನಮ್ಮ ವಂಶದಲ್ಲಿ ಈ ಬಣ್ಣ ಎಲ್ಲಿಯದು, ಆ ಕೊಡ ನೀರು ಹೊತ್ತು ಹೋದದ್ದು ಸುಮ್ಮನೆಯೇ, ದೇವರು ಹುಚ್ಚು ಕೂಸು ಕೊಟ್ಟು ತೋರಿಸಿದ್ದಾನೆ ಎಂದ. ತಾಯಿಮಗಳನ್ನು ಬಂಡಿ ಹತ್ತಿಸಿ ಉಮರ್ಗಾದ ಹತ್ತಿರದ ನಮ್ಮೂರಿಗೆ ಕಳಿಸಿಬಿಟ್ಟ. ಸಣ್ಣಮಾವನಿಗೆ ಬೇರೆ ಹೆಣ್ಣನ್ನೂ ಗೊತ್ತು ಮಾಡಿದ.

ಕೇಳಲು ಹೋದೆ. ಕಟ್ಟೆಯ ಮೇಲೆ ಕೂತಿದ್ದ. ಕೂಡು ಎನ್ನಲಿಲ್ಲ.

"ಮಂದಿ ಉಚ್ಚಿ ಮೂಸ್ಕೋತ ಕೂಡಾಂವಾ ನೀ. ನಿನಗ ಮಾನ ಅಂದ್ರ ಏನ್ ಗೊತ್ತದ? ಹೋಗ್, ನಿನ್ನ ಬಾಟ್ಲಿ ತೊಳಕೋ ಹೋಗ್" ಎಂದ. ಸುತ್ತ ಕೂತವರು ನಕ್ಕರು. ಸಣ್ಣಮಾವ ತಲೆ ಎತ್ತಲಿಲ್ಲ.

ನಿಲಂಗಾದವರೆಗೆ ನಡೆದೇ ಬಂದೆ. ಹಲ್ಲು ಕಚ್ಚಿ ಕಚ್ಚಿ ದವಡೆ ನೋಯುತ್ತಿತ್ತು. ನಿನ್ನನ್ನು ಇದೇ ಕಟ್ಟೆಯಿಂದ ಇಳಿಸದಿದ್ದರೆ ನಾನು ನನ್ನಪ್ಪನಿಗೆ ಹುಟ್ಟಿದವನೇ ಅಲ್ಲ ಎಂದು ದಾರಿಯುದ್ದಕ್ಕೂ ಜೋರಾಗಿಯೇ ಹೇಳಿಕೊಂಡೆ. ಹೇಗೆ ಇಳಿಸುವುದೋ ಗೊತ್ತಿರಲಿಲ್ಲ.

ಗೊತ್ತಾದದ್ದು ವಾಸನೆಯಿಂದ. ತಂಗಿಯ ಮಗುವನ್ನು ಎತ್ತಿಕೊಂಡಾಗಲೆಲ್ಲ ಒಂದು ವಾಸನೆ ಬರುತ್ತಿತ್ತು. ಎಷ್ಟು ಮೀಯಿಸಿದರೂ ಹೋಗುತ್ತಿರಲಿಲ್ಲ. ಜೋಳದ ಕಣಜದಲ್ಲಿ ಇಲಿ ಸೇರಿಕೊಂಡರೆ ಬರುತ್ತದಲ್ಲ, ಅಂಥದ್ದು. ಒಂದು ದಿನ ನಮ್ಮ ಡಾಕ್ಟರ್ ಸಾಹೇಬರ ಎದುರು ಮಾತಿಗೆ ಮಾತು ಬಂದು ಇದನ್ನು ಹೇಳಿದೆ. ಅವರು ಹೈದರಾಬಾದಿನವರು, ಸೌಮ್ಯ ಸ್ವಭಾವದ ಹಿರಿಯರು. ಬರೆಯುತ್ತಿದ್ದ ಕೈ ನಿಲ್ಲಿಸಿದರು.

"ಇಲಿ ವಾಸನೆ? ಪಕ್ಕಾ ಏನ್ ಮಿಯಾ? ಕೂದ್ಲಾ ಯಾವ ಬಣ್ಣ ಅಂದ್ರಿ?"

ಕಪಾಟಿನಿಂದ ದಪ್ಪ ಪುಸ್ತಕ ತೆಗೆದು ಅರ್ಧ ಪುಟದ ಒಂದು ಭಾಗ ತೋರಿಸಿದರು. ಇಂಗ್ಲಿಷ್ ಓದಿ ನನಗೆ ಅರ್ಧ ತಿಳಿಯಿತು, ಉಳಿದರ್ಧ ಅವರು ಹೇಳಿದರು. ನಾವು ತಿನ್ನುವ ಬೇಳೆ, ಹಾಲು, ರೊಟ್ಟಿ ಎಲ್ಲದರಲ್ಲೂ ಫಿನೈಲಅಲನೀನ್ ಎಂಬ ಒಂದು ಅಮೈನೋ ಆಮ್ಲ ಇರುತ್ತದೆ. ಪಿತ್ತಜನಕಾಂಗದೊಳಗಿನ ಒಂದು ಕಿಣ್ವ ಅದನ್ನು ಟೈರೋಸಿನ್ ಎಂಬ ಇನ್ನೊಂದು ಅಮೈನೋ ಆಮ್ಲವನ್ನಾಗಿ ಮಾಡುತ್ತದೆ. ಕೂದಲಿನ ಕಪ್ಪು, ಚರ್ಮದ ಕಪ್ಪು ಹುಟ್ಟುವುದು ಆ ಟೈರೋಸಿನ್‌ನಿಂದ. ಕೆಲವು ಮಕ್ಕಳಿಗೆ ಆ ಕಿಣ್ವ ಹುಟ್ಟಿನಿಂದಲೇ ಕೆಲಸ ಮಾಡುವುದಿಲ್ಲ. ಆಗ ಮೊದಲನೆಯದು ಮೈಯಲ್ಲಿ ತುಂಬಿಕೊಂಡು ಮೆದುಳನ್ನು ಕೆಡಿಸುತ್ತದೆ, ಎರಡನೆಯದು ಸಾಲದೆ ಬಣ್ಣ ತೆಳುವಾಗುತ್ತದೆ. ತುಂಬಿಕೊಂಡದ್ದರಲ್ಲಿ ಒಂದಿಷ್ಟು ರೂಪ ಬದಲಿಸಿಕೊಂಡು ಮೂತ್ರದಲ್ಲಿ ಹೊರಗೆ ಬೀಳುತ್ತದೆ, ವಾಸನೆ ಬರುತ್ತದೆ. ಅಂಥ ಮೂತ್ರಕ್ಕೆ ಫೆರಿಕ್ ಕ್ಲೋರೈಡಿನ ದ್ರಾವಣ ಹನಿ ಹಾಕಿದರೆ ಹಸಿರಾಗುತ್ತದೆ.

"ಇನ್ನೊಂದ್ ಕೇಳ್ರಿ" ಎಂದರು. "ಇದು ಅಪ್ಪನ ಕಡಿಂದ ಒಂದು, ಅವ್ವನ ಕಡಿಂದ ಒಂದು, ಎರಡೂ ಕೆಟ್ಟದ್ದು ಬಂದ್ರೇನೇ ಬರೋದು. ಒಂದ್ ಕಡಿದು ಛಲೋ ಇದ್ರ ಕೂಸು ಛಲೋ ಇರ್ತದ. ಭಾಳ ಅಪರೂಪದ ರೋಗ. ಒಂದೇ ರಕ್ತದಾಗ ಲಗ್ನ ಮಾಡ್ಕೊಂಡ ಮನಿಯೊಳಗ ಜಾಸ್ತಿ ಕಾಣ್ತದ."

ಸೋದರಮಾವನ ಜೊತೆಯ ಮದುವೆ. ಒಂದೇ ರಕ್ತ. ಆ ಬಣ್ಣ ಬಂದದ್ದು ಹುಣಸೆ ಮರದ ಕೆಳಗಿನಿಂದಲ್ಲ, ದೊಡ್ಡಮಾವನ ಮನೆಯ ಒಳಕೋಣೆಯಿಂದ. ಡಾಕ್ಟರ್ ಸಾಹೇಬರ ಮುಂದೆ ಹಲ್ಲು ಕಿಸಿದು ನಗಬಾರದೆಂದು ಹೊರಗೆ ಹೋಗಿ ನಕ್ಕೆ.

ಫೆರಿಕ್ ಕ್ಲೋರೈಡ್ ನಮ್ಮ ಕಪಾಟಿನಲ್ಲೇ ಇತ್ತು. ಸಕ್ಕರೆ ಕಾಯಿಲೆ ಕೈಮೀರಿದವರ ಮೂತ್ರಕ್ಕೆ ಅದನ್ನೇ ಹಾಕಿ ನೋಡುತ್ತಿದ್ದೆವು. ಆದರೆ ಹಳೆಯ ದ್ರಾವಣದ ತಳದಲ್ಲಿ ತುಕ್ಕಿನಂಥ ಕೆಸರು ಕೂತಿತ್ತು. ಅದನ್ನು ಚೆಲ್ಲಿದೆ. ಹಳದಿ ಗಟ್ಟಿಗಳನ್ನು ತೂಗಿ, ಗಾಳಿಯ ಪಸೆ ಹೀರಿಕೊಳ್ಳುವ ಮೊದಲೇ ಬೇಗ ಬೇಗ ನೀರಿಗೆ ಹಾಕಿ, ನೂರಕ್ಕೆ ಹತ್ತರ ಲೆಕ್ಕದಲ್ಲಿ ಹೊಸದು ಮಾಡಿಕೊಂಡೆ. ಕಂದು ಬಾಟಲಿಗೆ ತುಂಬಿ ಕಪ್ಪು ಕಾಗದ ಸುತ್ತಿದೆ. ಭಾನುವಾರ ಊರಿಗೆ ಹೋಗಿ ಮಗುವಿನ ಮೂತ್ರವನ್ನು ಬಾಟಲಿಯಲ್ಲಿ ತಂದೆ. ಬೇಸಿಗೆ. ಉಮರ್ಗಾದಲ್ಲಿ ಬಸ್ಸು ಹತ್ತಿ, ನಿಲಂಗಾದಲ್ಲಿ ಇಳಿದು ಮುಂದಿನ ಬಸ್ಸಿಗೆ ಮೂರು ತಾಸು ಕಾದು, ಉದಗೀರ ಮುಟ್ಟುವ ಹೊತ್ತಿಗೆ ಬಾಟಲಿಯ ಮುಚ್ಚಳ ತೆಗೆದರೆ ಕಣ್ಣಲ್ಲಿ ನೀರು ಬರುವಂತೆ ಘಾಟು. ಹನಿ ಹಾಕಿದೆ. ಕಂದು ರಾಡಿ. ಮತ್ತೆ ಹಾಕಿದೆ, ಮತ್ತೆ ರಾಡಿ.

"ಬಾಸಿ ಮಾಲು" ಎಂದರು ಡಾಕ್ಟರ್ ಸಾಹೇಬರು. ಹಳಸಿದ್ದರಲ್ಲಿ ಆ ಅಂಶ ಉಳಿಯುವುದಿಲ್ಲ. ತಾಜಾ ಬೇಕು, ಒಂದೆರಡು ಹನಿ ಆಮ್ಲ ಬೆರೆಸಿ ಹುಳಿ ಮಾಡಿಕೊಂಡಿರಬೇಕು.

ತಂಗಿಯನ್ನೇ ಕರೆಸಿದೆ. ಮಗುವನ್ನು ಕೋಣೆಯ ಬಾಗಿಲಲ್ಲಿ ಕೂಡಿಸಿ, ಬಟ್ಟಲು ಹಿಡಿದು, ಉಸ್ ಉಸ್ ಎನ್ನುತ್ತ ಆಕೆ ಮುಕ್ಕಾಲು ತಾಸು ಕಾದಳು. ಬಂತು. ಸೋಸಿದೆ, ನಳಿಕೆಗೆ ಹಾಕಿದೆ, ಆಮ್ಲ ಬೆರೆಸಿದೆ, ಕಂದು ಬಾಟಲಿಯಿಂದ ಒಂದು ಹನಿ, ಎರಡು ಹನಿ, ಮೂರು. ನೋಡನೋಡುತ್ತ ಹಸಿರಾಯಿತು. ಮೆಂತ್ಯಪಲ್ಲೆ ಅರೆದು ಹಿಂಡಿದಂಥ ಕಡುಹಸಿರು. ಸ್ಟ್ಯಾಂಡಿನಲ್ಲಿಟ್ಟು ಡಾಕ್ಟರ್ ಸಾಹೇಬರನ್ನು ಕರೆಯಲು ಓಡಿದೆ. ಅವರು ಒಬ್ಬನ ಕಾಲಿಗೆ ಹೊಲಿಗೆ ಹಾಕುತ್ತಿದ್ದರು. ಮುಗಿಸಿ ಬಂದರು. ನಳಿಕೆಯಲ್ಲಿ ಹಸಿರಿಲ್ಲ. ಮಾಸಲು ಹಳದಿ.

"ಎಲ್ಲದ ಹಸರು?"

"ಖರೇನೇ ಇತ್ರಿ ಸಾಹೇಬ್ರ! ನನ್ನ ಕಣ್ಣಾಣಿ ನೋಡೀನಿ! ತಂಗೀ, ಹೇಳ ನೀ!"

ಅವರು ಪುಸ್ತಕ ತೆರೆದು ಕೊನೆಯ ಸಾಲು ತೋರಿಸಿದರು. ಬಣ್ಣ ನಿಲ್ಲುವುದಿಲ್ಲ, ಬಂದಷ್ಟೇ ಬೇಗ ಹೋಗುತ್ತದೆ. ರೋಗ ಹೋಗುವುದಿಲ್ಲ, ಬಣ್ಣ ಮಾತ್ರ. ಎರಡನೆಯ ಸಲ ಅವರ ಕೈಗಡಿಯಾರ ಎದುರಿಗಿಟ್ಟುಕೊಂಡು ಮಾಡಿದೆವು. ಒಂದು ಎಲೆ ಅಡಿಕೆ ಹಾಕಿಕೊಂಡು ಮುಗಿಸುವಷ್ಟು ಹೊತ್ತು ನಿಂತಿತು, ಅಷ್ಟೇ. ಚೀಟಿ ಬರೆದುಕೊಡಿ ಎಂದು ಕೇಳಿದೆ. ರೋಗ ಇದೆ ಎಂದು ಬರೆದರು. ತಂದೆ ಯಾರೆಂದು ಬರೆಯಲಿಲ್ಲ. ಅದನ್ನು ಈ ನಳಿಕೆ ಹೇಳುವುದಿಲ್ಲ ಎಂದರು. ಔಷಧ ಕೇಳಿದೆ. ಈ ಮಗುವಿಗೆ ಹೊತ್ತು ಮೀರಿದೆ, ಹಸುಗೂಸುಗಳಿಗೆ ಏನೋ ಬೇರೆ ಆಹಾರ ಕೊಟ್ಟು ನೋಡುತ್ತಿದ್ದಾರಂತೆ, ಅದೂ ವಿಲಾಯತಿನಲ್ಲಿ ಎಂದರು. ತಂಗಿ ಮಗುವಿನ ಬಾಯಿಯ ಜೊಲ್ಲು ಒರೆಸುತ್ತ ಕೇಳಿಸಿಕೊಂಡಳು. ನನ್ನ ತಲೆಯಲ್ಲಿ ಪಂಚರು ಕೂಡುವ ಮಠದ ಅಂಗಳ ಬಿಟ್ಟು ಬೇರೇನೂ ಇರಲಿಲ್ಲ.

ಚೀಟಿ ತೋರಿಸಿದರೆ ದೊಡ್ಡಮಾವ ಹರಿದು ಬಿಸಾಡುತ್ತಾನೆ. ಹಸಿರು ಅಲ್ಲೇ ಹುಟ್ಟಬೇಕು, ಎಲ್ಲರೂ ನೋಡಬೇಕು. ತಂಗಿಗೆ ಬಿಡುಗಡೆಯ ಸೋಡಚಿಟ್ಟಿ ಕೊಡಿಸಿ ಸಣ್ಣಮಾವನ ಎರಡನೆಯ ಮದುವೆಗೆ ಒಪ್ಪಿಗೆ ಪಡೆಯಲು ಅವನು ಪಂಚರನ್ನು ಕೂಡಿಸುವ ಸೋಮವಾರಕ್ಕೇ ಹೋಗುವುದೆಂದು ನಿಶ್ಚಯಿಸಿದೆ. ರಜೆ ಹಾಕಿದೆ. ನಳಿಕೆ, ಸೋಸುವ ಕಾಗದ, ಆಮ್ಲ, ಕಂದು ಬಾಟಲಿ ಎಲ್ಲವನ್ನೂ ಹತ್ತಿಯಲ್ಲಿ ಸುತ್ತಿ ತಗಡಿನ ಡಬ್ಬಿಗೆ ತುಂಬಿಕೊಂಡೆ. ತಂಗಿ, ಮಗು, ನಾನು ಬೆಳಿಗ್ಗೆಯೇ ಊರು ಮುಟ್ಟಿದೆವು. ತಂಗಿ ಮಗುವಿನೊಂದಿಗೆ ಮಠದಲ್ಲೇ ಕೂತಳು. ಪಂಚರು ಕೂಡುತ್ತಾರೋ ಇಲ್ಲವೋ ತಿಳಿಯಲು ನಾನು ಮಾವನ ಮನೆಗೆ ಹೋದೆ.

ಅಲ್ಲಿ ನೀರು ತಂದುಕೊಟ್ಟವಳು ದೊಡ್ಡಮಾವನ ಸೊಸೆ. ಅವನ ಮಗನಿಗೂ ಒಳಗಿನ ಹೆಣ್ಣೇ, ನಮ್ಮ ಚಿಕ್ಕವ್ವನ ಮಗಳನ್ನೇ ತಂದಿದ್ದರು. ಚಿಕ್ಕವ್ವ ಎಂದರೆ ನನ್ನ ತಾಯಿಯ, ಅದೇ ದೊಡ್ಡಮಾವನ ತಂಗಿ. ಚಿಕ್ಕಂದಿನಲ್ಲಿ ನನ್ನ ಬೆನ್ನ ಮೇಲೆ ಕೂತು ಹೊಲ ಸುತ್ತಿದ ಹುಡುಗಿ. ಕಂಕುಳಲ್ಲಿ ಎಂಟು ತಿಂಗಳ ಗಂಡುಮಗು.

"ಅಣ್ಣಾ, ನೋಡ್ರಿ ನಿಮ್ಮ ಅಳಿಯ! ಎತ್ಕೋರಿ, ಅಳಂಗಿಲ್ಲ ಅಂವಾ" ಎಂದು ನನ್ನ ತೊಡೆಯ ಮೇಲೆ ಇಟ್ಟಳು.

ಬೆಳ್ಳನೆಯ ಮಗು. ತಲೆಯ ಮೇಲೆ ತೆಳು ಕಂದು ಕೂದಲು. ಎಂಟು ತಿಂಗಳಾದರೂ ಕತ್ತು ಗಟ್ಟಿಯಾಗಿ ನಿಲ್ಲುತ್ತಿರಲಿಲ್ಲ. ನೆತ್ತಿಗೆ ಮೂಗು ಹಚ್ಚಿದೆ. ಕಣಜದ ಇಲಿ.

"ನಮ್ಮ ಮೊಮ್ಮಗ ನೋಡು, ಬಂಗಾರದ ಬಣ್ಣ!" ಎಂದ ದೊಡ್ಡಮಾವ ಕಟ್ಟೆಯಿಂದ. "ಹಿರೇರ ಪುಣ್ಯ!"

ನನ್ನ ತಂಗಿಯ ಮಗುವಿನ ಬಣ್ಣ ಹಾದರವಾಗಿತ್ತು, ಇವನ ಮೊಮ್ಮಗನ ಬಣ್ಣ ಪುಣ್ಯವಾಗಿತ್ತು. ಹುಡುಗಿಯನ್ನು ಒಳಗೆ ಕರೆದು ಒಂದು ಮಾತು ಹೇಳಬಹುದಿತ್ತು, ಆಕೆಯ ಗಂಡನಿಗೆ ಹೇಳಬಹುದಿತ್ತು. ಮಗುವನ್ನು ಆಕೆಯ ಕೈಗೆ ಕೊಟ್ಟು, ಬಾಯಿ ಒರೆಸಿಕೊಂಡು, ಮಠಕ್ಕೆ ನಡೆದೆ.

ಮಠದ ಅಯ್ಯನವರು ನಡುವೆ ಕೂತಿದ್ದರು, ಪಂಚರು ಎರಡೂ ಕಡೆ. ಹೆಂಗಸರಿಗೆ ಅಂಗಳದಲ್ಲಿ ಜಾಗವಿಲ್ಲ. ತಂಗಿ ಮಾತ್ರ ಮಗುವನ್ನು ಹಿಡಿದು ಕಂಬದ ಬಳಿ ನಿಂತಿದ್ದಳು. ನಾನು ಡಬ್ಬಿ ಬಿಚ್ಚಿ, ರೋಗವನ್ನು ತಿಳಿಯುವ ಮಾತಿನಲ್ಲಿ ಹೇಳಿದೆ.

"ಹಾಲಿಗಿ ಹೆಪ್ಪು ಹಾಕಿದ್ರ ಮೊಸರಾಗ್ತದ. ಹೆಪ್ಪೇ ಸತ್ತಿದ್ರ ಹಾಲು ಕೆಡ್ತದ. ಈ ಕೂಸಿನ ಮೈಯಾಗ ಹೆಪ್ಪು ಸತ್ತದ ರೀ. ಆ ಸತ್ತ ಹೆಪ್ಪು ಅಪ್ಪಂದೂ ಇರಬೇಕು, ಅವ್ವಂದೂ ಇರಬೇಕು. ಒಬ್ಬರದಷ್ಟೇ ಇದ್ರ ರೋಗ ಬರಂಗಿಲ್ಲ."

ಮೊದಲು ಅಲ್ಲೇ ಆಡುತ್ತಿದ್ದ ಬೇರೆ ಮನೆಯ ಮಗುವಿನದನ್ನು ಮಾಡಿ ತೋರಿಸಿದೆ. ಹಳದಿ ಹಳದಿಯಾಗೇ ಉಳಿಯಿತು. ಆಮೇಲೆ ತಂಗಿಯ ಮಗುವಿನದು. ಹಸಿರು ಎದ್ದಾಗ ಅಯ್ಯನವರು "ಶಿವ ಶಿವಾ" ಎಂದು ಮುಂದಕ್ಕೆ ಬಾಗಿದರು. ನಳಿಕೆಯನ್ನು ಬಿಸಿಲಿಗೆ ಹಿಡಿದು ಒಬ್ಬೊಬ್ಬರ ಮೂಗಿನ ಹತ್ತಿರ ಒಯ್ದೆ. ಸಣ್ಣಮಾವನ ಮುಖದ ಎದುರು ಎಲ್ಲರಿಗಿಂತ ಹೆಚ್ಚು ಹೊತ್ತು ಹಿಡಿದೆ.

ದೊಡ್ಡಮಾವ ಜಾಣ. ಅದನ್ನು ಅಲ್ಲಗಳೆಯಲಾರೆ. ಗಂಟಲು ಸರಿಮಾಡಿಕೊಂಡು, "ಛಲೋ ಆತಪಾ. ಆ ಮಿಲಿಟ್ರಿಯಾಂವಂದೂ ಹೆಪ್ಪು ಸತ್ತಿರಬಹುದಲ್ಲ? ನಮ್ಮ ಮನಿದೇ ಅಂತ ನಿನಗ್ಯಾರ್ ಹೇಳ್ಯಾರ?" ಎಂದ.

ಪಂಚರು ತಲೆಯಾಡಿಸಿದರು. ಇದೇ ಮಾತು ಬರಲಿ ಎಂದು ನಾನು ಕಾದಿದ್ದೆ.

"ಹೌದ್ರಿ ಮಾವಾ, ನಿಮ್ಮ ಮಾತು ಬರೋಬರ್ ಅದ. ಹಂಗಾದ್ರ ನಿಮ್ಮ ಮನ್ಯಾಗಿನ ಇನ್ನೊಂದ್ ಕೂಸಿಂದು ನೋಡೋಣಲ್ಲ? ನಿಮ್ಮ ರಕ್ತ ಸ್ವಚ್ಛ ಇದ್ರ ಹಸರಾಗಂಗಿಲ್ಲ."

"ತರ್ರಿ! ನನ್ನ ಮೊಮ್ಮಗನ್ನ ತರ್ರಿ!" ಎಂದು ತೊಡೆ ತಟ್ಟಿದ. "ಹಸರಾದ್ರ ಈ ರುಮಾಲ ಇಲ್ಲೇ ತಗದಿಡ್ತೀನಿ, ಮತ್ತ ಕಟ್ಟಂಗಿಲ್ಲ!"

ಅವನೇ ಹೇಳಿ ಕಳಿಸಿದ. ಸೊಸೆ ಮಗುವಿಗೆ ಹೊಸ ಅಂಗಿ ತೊಡಿಸಿ, ಹಣೆಗೆ ವಿಭೂತಿ ಹಚ್ಚಿ, ಹಿರಿಯರ ನಡುವೆ ಮಗನನ್ನು ಯಾಕೋ ಕರೆದಿದ್ದಾರೆಂಬ ಸಂತೋಷದಲ್ಲಿ ಓಡುತ್ತ ಬಂದಳು. ನಾನು ಬಟ್ಟಲು ಕೊಟ್ಟೆ. ಬಹಳ ಹೊತ್ತು ಹಿಡಿಯಲಿಲ್ಲ. ಸೋಸಿದೆ, ಆಮ್ಲ ಬೆರೆಸಿದೆ. ಒಂದು ಹನಿ, ಎರಡು, ಮೂರು.

ಮೊದಲಿನದಕ್ಕಿಂತ ಕಡುವಾಗಿ ಬಂತು ಹಸಿರು.

ದೊಡ್ಡಮಾವ ನಳಿಕೆ ನೋಡಿದ, ಮೊಮ್ಮಗನನ್ನು ನೋಡಿದ. ರುಮಾಲನ್ನು ಎರಡೂ ಕೈಯಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಬೋಳು ತಲೆ ಬಿಸಿಲಿಗೆ ಹೊಳೆಯಿತು. ಆಹಾ ಎನಿಸಿತು ನನಗೆ. ನಿಜ ಹೇಳುತ್ತೇನೆ, ಅಂಥ ಹಿಗ್ಗು ನನ್ನ ಮದುವೆಯಲ್ಲೂ ಆಗಿರಲಿಲ್ಲ. "ಉಚ್ಚಿ ಮೂಸಾಂವಾ ನಾ. ಮೂಸಿನೇ ಹೇಳ್ಲಾಕತ್ತೀನಿ ಮಾವಾ, ಇದು ನಿಮ್ಮ ಮನಿ ವಾಸನಿ" ಎಂದೆ, ಎಲ್ಲರಿಗೂ ಕೇಳುವಂತೆ.

ಸಣ್ಣಮಾವ ಎದ್ದು ಕಂಬದ ಬಳಿ ಹೋದ. "ನಂದೇ ಕೂಸು" ಎಂದ, ಅಳುತ್ತ.

ತಂಗಿ ಅವನನ್ನು ನೋಡಿ, "ಇಷ್ಟು ದಿನ ನನ್ನ ಮಾತು ಸಾಲಲಿಲ್ಲ. ಹಸರು ನೀರು ಬೇಕಾತು ನಿಮಗ?" ಎಂದಳು.

ಆಗ ನನ್ನ ತೋಳನ್ನು ಯಾರೋ ಹಿಡಿದರು. ಸೊಸೆ. ನಾನು ಹೆಪ್ಪಿನ ಕಥೆ ಹೇಳುವಾಗ ಆಕೆ ಮನೆಯಲ್ಲಿದ್ದಳು, ಒಂದು ಮಾತೂ ಕೇಳಿರಲಿಲ್ಲ. ನಳಿಕೆ ನೋಡುತ್ತ ಮೆಲ್ಲಗೆ ಕೇಳಿದಳು.

"ಅಣ್ಣಾ, ಹಸರಾದ್ರ ಛಲೋನೋ, ಕೆಟ್ಟೋ?"

ತಂಗಿ ಬಂದು ಆಕೆಯ ಮಗುವನ್ನು ತಾನು ಎತ್ತಿಕೊಂಡು, ಹುಡುಗಿಯ ಹೆಗಲು ಹಿಡಿದು ಮಠದ ಹಿಂದಕ್ಕೆ ಕರೆದುಕೊಂಡು ಹೋದಳು. ಸ್ವಲ್ಪ ಹೊತ್ತಿನ ಮೇಲೆ ಅಲ್ಲಿಂದ ಕೂಗು ಕೇಳಿಸಿತು. ಪಂಚರು ಸೋಡಚಿಟ್ಟಿ ಇಲ್ಲ, ಎರಡನೆಯ ಮದುವೆ ಇಲ್ಲ ಎಂದು ತೀರ್ಪು ಹೇಳುತ್ತಿದ್ದರು. ನನಗೆ ಅರ್ಧ ಕೇಳಿತು.

ನಿಲಂಗಾಕ್ಕೆ ಮರಳುವ ಬಂಡಿಯಲ್ಲಿ ತಂಗಿ ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡಳು. ಬರುವ ಸೋಮವಾರ ಸಣ್ಣಮಾವ ಬಂದು ಕರೆದೊಯ್ಯುವುದೆಂದು ಗೊತ್ತಾಗಿತ್ತು. ಆಮೇಲೆ ಕೇಳಿದಳು.

"ಮುಂಜಾನಿನೇ ಗೊತ್ತಿತ್ತಲ್ಲ ನಿನಗ, ಆ ಕೂಸಿಂದು?"

"ಗೊತ್ತಿತ್ತು."

"ನನ್ನ ಮಾನ ಉಳಿಸಿದಿ ಅಣ್ಣಾ, ಖರೆ. ಆಕಿಗಿ ಒಂದ್ ಮಾತು ಮೊದಲ ಹೇಳಬೇಕಿತ್ತು. ಆಕಿ ಏನ್ ಮಾಡಿದ್ಳು ನಿನಗ?"

ದೊಡ್ಡಮಾವ ಮಾಡಿದ್ದನ್ನೆಲ್ಲ ಮೊದಲಿನಿಂದ ಹೇಳತೊಡಗಿದೆ. ಆಕೆ ಮುಖ ತಿರುಗಿಸಿ ಮಗುವನ್ನು ತಟ್ಟಿದಳು.

ಎಂಟು ದಿನವಾಗಿರಬಹುದು. ದವಾಖಾನೆಯ ನನ್ನ ಕೋಣೆಯ ಬಾಗಿಲಲ್ಲಿ ಸೊಸೆ ನಿಂತಿದ್ದಳು, ಕಂಕುಳಲ್ಲಿ ಮಗು. ಗಂಡ ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದ. ಒಳಗೆ ಬರಲು ಅವನಿಗೆ ಧೈರ್ಯವಿರಲಿಲ್ಲ.

"ಇನ್ನೊಂದ್ ಸರ್ತಿ ನೋಡ್ರಿ ಅಣ್ಣಾ. ಅವತ್ತ ಗದ್ಲದಾಗ ಏನರ ತಪ್ಪಾಗಿರಬಹುದು. ಅಲ್ಲಿಂದ ಸೋಮವಾರ ಹಿಡದೀನಿ, ಒಪ್ಪತ್ತು ಉಣ್ಲಾಕತ್ತೀನಿ."

ಬೇಡ ಎನ್ನಲು ಆಗಲಿಲ್ಲ. ಬಟ್ಟಲು ಕೊಟ್ಟೆ. ಸೋಸಿದೆ, ಆಮ್ಲ ಬೆರೆಸಿದೆ. ಈ ಸಲ ಒಂದು ಹನಿ ಮೇಜಿನ ಮೇಲೆ ಬಿತ್ತು. ನಳಿಕೆ ಹಸಿರಾಯಿತು. ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅದನ್ನೇ ನೋಡುತ್ತ ನಿಂತಳು. ಹೇಳಬೇಕೆಂದು ನಾನು ಮಾತು ಹುಡುಕುತ್ತಿದ್ದೆ. ಹುಡುಗಿ, ಇದಕ್ಕೆ ಇಲ್ಲಿ ಔಷಧವಿಲ್ಲ. ಮದುವೆ ನೀನು ಮಾಡಿಕೊಂಡದ್ದಲ್ಲ, ಮಾಡಿದವರು ಬೇರೆ. ನಾನು ಮೊದಲೇ ತಿಳಿದಿದ್ದೆ. ಇದರಲ್ಲಿ ಯಾವುದನ್ನು ಮೊದಲು ಹೇಳಲಿ? ಹೊತ್ತು ಹೋಯಿತು.

ಆಕೆಯ ಕೈ ಬಾಯಿಂದ ಇಳಿಯಿತು.

"ಅಣ್ಣಾ!" ಎಂದಳು. "ಹೋಗ್ಲಾಕತ್ತದ! ನೋಡ್ರಿ, ಹಸರು ಹೋಗ್ಲಾಕತ್ತದ!"

ನಳಿಕೆಯಲ್ಲಿ ಹಸಿರು ಮಾಸುತ್ತಿತ್ತು. ಮಾಸಿ ಹಳದಿಯಾಯಿತು. ಆಕೆ ಮಗುವಿನ ಕೆನ್ನೆಗೆ ಕೆನ್ನೆ ಒತ್ತಿ ಅತ್ತು ನಕ್ಕಳು, ಬಾಗಿಲಿಗೆ ಓಡಿ ಕೂಗಿದಳು: "ಬರ್ರೀ, ಲಗೂನ ಬರ್ರೀ! ಹಸರು ಹೋತು! ನಮ್ಮ ಕೂಸು ಛಲೋ ಆತು!"

ಗಂಡ ಟೊಪ್ಪಿಗೆ ಕೈಯಲ್ಲಿ ಹಿಡಿದು ಓಡಿ ಬಂದ. ಇಬ್ಬರೂ ನನ್ನ ಮುಖ ನೋಡುತ್ತ ನಿಂತರು. ನಾನು ನಳಿಕೆಯನ್ನು ಸ್ಟ್ಯಾಂಡಿನಲ್ಲಿಟ್ಟೆ.

"ಕೂಡು ತಂಗಿ" ಎಂದೆ.